ಆಫೀಸ್ ವೈಫೈ ಕಾಯೋಕೆ ಯಾವುದು ವಾಸಿ: ಮೊಬೈಲ್ ಆ್ಯಪ್, ಕಿಸ್ಮೆಟ್, ಕಂಟ್ರೋಲರ್?

ತುಮಕೂರಿನಿಂದಾಚೆ ವಸಂತನರಸಾಪುರದ ಕಡೆ ನಮ್ಮ ಆಫೀಸು. ಮುಂದೆ ಗಾಜಿನ ಕ್ಯಾಬಿನ್‌ಗಳು, ಹಿಂದೆ ಶೀಟ್ ಹೊದಿಸಿದ ಶೆಡ್ಡು, ಅದರೊಳಗೆ ಕಬ್ಬಿಣದ ರ‍್ಯಾಕ್ ತುಂಬಿದ ಸ್ಟೋರು. ಸ್ಟೋರಿನಲ್ಲಿ ಸಿಗ್ನಲ್ ಇಲ್ಲ ಅನ್ನೋದು ಒಂದು ದೂರು. ಯಾರದ್ದೋ ಗೊತ್ತಿಲ್ಲದ ವೈಫೈ ಹೆಸರು ಕಾಣುತ್ತೆ ಅನ್ನೋದು ಇನ್ನೊಂದು. ಎರಡಕ್ಕೂ ಒಂದೇ ಮದ್ದು ಸಿಗುತ್ತಾ ಅಂತ ಮೂರು ದಾರಿ ಹಿಡಿದು ನೋಡಿದೆ: ಮೊಬೈಲ್ ಆ್ಯಪ್, ಸುತ್ತಲಿನ ವೈಫೈಯನ್ನು ಕೇಳಿಸಿಕೊಳ್ಳುವ ಕಿಸ್ಮೆಟ್ ಅನ್ನೋ ಸಾಫ್ಟ್‌ವೇರ್, ಆಫೀಸಿನ ವೈಫೈಯನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ಕಂಟ್ರೋಲರ್.

ಮೊಬೈಲ್ ಆ್ಯಪ್‌ಗೆ ಖರ್ಚಿಲ್ಲ. ವೈಫೈ ಅನಲೈಜರ್ ತರದ್ದು ಯಾವುದಾದರೂ ಸಾಕು. ಆದರೆ ಸುಮ್ನೆ ನಡೀತಾ ನಡೀತಾ ನೋಡಿದರೆ ಮೋಸ ಹೋಗುತ್ತೀರಿ. ಆಂಡ್ರಾಯ್ಡ್ 9ರಿಂದ ಈಚೆಗೆ ಆ್ಯಪ್‌ಗಳಿಗೆ 2 ನಿಮಿಷಕ್ಕೆ 4 ಸ್ಕ್ಯಾನ್ ಮಾತ್ರ ಸಿಗುತ್ತೆ. ನೀವು ಸ್ಟೋರ್ ಒಳಗಿದ್ದರೂ ಪರದೆಯ ಮೇಲೆ ಕಾರಿಡಾರಿನ ಅಂಕಿಯೇ ಇರುತ್ತೆ. ಆಂಡ್ರಾಯ್ಡ್ 10 ಆದಮೇಲೆ ಡೆವಲಪರ್ ಆಪ್ಷನ್ಸ್‌ನಲ್ಲಿ ಈ ಮಿತಿ ತೆಗೆಯಬಹುದು. ತೆಗೆದು, ಒಂದೊಂದು ಕಡೆ ನಿಂತು ನೋಡಿದೆ. ಸ್ಟೋರ್ ಬಾಗಿಲಲ್ಲಿ ಮೈನಸ್ 67 ಡಿಬಿಎಂ ಆಸುಪಾಸು (ಡಿಬಿಎಂ ಅಂದರೆ ಸಿಗ್ನಲ್ಲಿನ ಅಳತೆ; ಮೈನಸ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಸಿಗ್ನಲ್ ಜೋರು). ವಿಡಿಯೋ ಕಾಲ್‌ಗೂ ಇಷ್ಟು ಸಾಕು. ಎರಡನೇ ರ‍್ಯಾಕ್ ಹಿಂದೆ ಹೋದರೆ ಮೈನಸ್ 80ಕ್ಕಿಂತ ಕೆಳಗೆ. ಅಲ್ಲಿ ಮೊಬೈಲಲ್ಲಿ ಒಂದು ಕಡ್ಡಿ ಕಂಡರೂ ಕೆಲಸ ಆಗಲ್ಲ.

ಅದೇ ಮೂಲೆಯಲ್ಲಿ ಬೇರೊಂದು ಹೆಸರು ಮೈನಸ್ 40ರಲ್ಲಿ ಹೊಳೀತಿತ್ತು. ಪಕ್ಕದ ಕಂಪನಿಯ ವೈಫೈ ಇಷ್ಟು ಜೋರಾಗಿ ಬರೋಕೆ ಸಾಧ್ಯವಿಲ್ಲ, ಅಲ್ವಾ? ಪ್ಯಾಕಿಂಗ್ ಟೇಬಲ್ ಕೆಳಗೆ ರಟ್ಟಿನ ಡಬ್ಬದ ಹಿಂದೆ ಹಳೇ ರೂಟರ್ ಇತ್ತು. "ಸಿಗ್ನಲ್ ಇಲ್ಲ ಅಂತ ಹೇಳಿ ಹೇಳಿ ಸಾಕಾಯ್ತು ಸಾರ್, ಮನೇದು ತಂದು ಹಾಕ್ಕೊಂಡೆ" ಅಂದರು ಸ್ಟೋರ್ ನೋಡಿಕೊಳ್ಳುವವರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ನನಗೆ ಬಾಯಿ ಬರಲಿಲ್ಲ. ಕೇಬಲನ್ನು ರೂಟರಿನ ಲ್ಯಾನ್ ಪೋರ್ಟ್‌ಗೆ ಚುಚ್ಚಿದ್ದರಿಂದ ಅದೂ ನೆಟ್‌ವರ್ಕಿಗೆಲ್ಲ ಐಪಿ, ಅಂದರೆ ಒಂದೊಂದು ಸಾಧನಕ್ಕೂ ಬೇಕಾದ ವಿಳಾಸ, ಹಂಚುತ್ತಿತ್ತು. ಬಿಲ್ಲಿಂಗ್ ಪ್ರಿಂಟರ್ ಆಗಾಗ ನಾಪತ್ತೆ ಆಗ್ತಿದ್ದದ್ದು ಅದಕ್ಕೇ.

ಕಂಟ್ರೋಲರ್ ಇದನ್ನು ಯಾಕೆ ಹಿಡಿಯಲಿಲ್ಲ? ವೈಫೈ ಹಂಚುವ ನಮ್ಮ ಪೆಟ್ಟಿಗೆಗಳು, ಅಂದರೆ ಆಕ್ಸೆಸ್ ಪಾಯಿಂಟ್‌ಗಳೇ ಅದಕ್ಕೆ ಕಿವಿ. ಅವುಗಳ ಸಿಗ್ನಲ್ ಮುಟ್ಟದ ಮೂಲೆಯಲ್ಲಿ ಅವಕ್ಕೆ ಕೇಳಿಸುವುದೂ ಕಷ್ಟ. ಕಳ್ಳ ರೂಟರ್ ಬಂದು ಕೂರುವುದೂ ಅಂಥ ಮೂಲೆಯಲ್ಲೇ. ಮೂರನ್ನೂ ಬಳಸಿದ ಮೇಲೆ ನನಗೆ ಖಾತ್ರಿಯಾದ ವಿಷಯ ಇದೊಂದೇ. ಕವರೇಜ್ ಇರುವ ಕಡೆ ಮಾತ್ರ ಕಂಟ್ರೋಲರ್‌ಗೆ ಸಮ ಇಲ್ಲ. ಹಗಲು ರಾತ್ರಿ ನೋಡುತ್ತೆ, ಹೊಸ ಹೆಸರು ಬಂದರೆ ಪಟ್ಟಿಗೆ ಸೇರಿಸುತ್ತೆ. ಆ ಪಟ್ಟಿಯಲ್ಲಿ ಅಕ್ಕಪಕ್ಕದವರದ್ದೇ ಜಾಸ್ತಿ. ನಮ್ಮ ಕೇಬಲಿಗೆ ಸಿಕ್ಕಿಸಿದ್ದು ಯಾವುದು ಅಂತ ತಿಳಿಯಲು ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್‌ನ ಮ್ಯಾಕ್ ಟೇಬಲ್ ತೆಗೆದು ನೋಡಲೇಬೇಕು. ಮ್ಯಾಕ್ ಅಂದರೆ ಸಾಧನದ ಗುರುತಿನ ಸಂಖ್ಯೆ, ಯಾವ ಪೋರ್ಟಿನಲ್ಲಿ ಯಾವುದಿದೆ ಅಂತ ಆ ಟೇಬಲ್ ಹೇಳುತ್ತೆ. ರೂಟರಿನ ವೈಫೈ ಮ್ಯಾಕ್‌ಗೂ ಕೇಬಲ್ ಕಡೆಯ ಮ್ಯಾಕ್‌ಗೂ ಸಾಮಾನ್ಯವಾಗಿ ಕೊನೆಯ ಒಂದೆರಡು ಅಂಕಿಯಷ್ಟೇ ವ್ಯತ್ಯಾಸ, ಹಾಗಾಗಿ ಎರಡನ್ನೂ ತಾಳೆ ಹಾಕಬಹುದು.

ಕಿಸ್ಮೆಟ್ ಉಚಿತ. ರಾಸ್ಪ್‌ಬೆರಿ ಪೈ ತರದ ಪುಟ್ಟ ಕಂಪ್ಯೂಟರ್ ಮತ್ತು ಮಾನಿಟರ್ ಮೋಡ್ (ಸುತ್ತಲಿನ ವೈಫೈ ಸಂದೇಶಗಳನ್ನೆಲ್ಲ ಕೇಳಿಸಿಕೊಳ್ಳುವ ಸೌಲಭ್ಯ) ಇರುವ ವೈಫೈ ಅಡಾಪ್ಟರ್ ಬೇಕು. ತಾನೇನೂ ಕಳಿಸದೆ ಬರೀ ಕೇಳಿಸಿಕೊಳ್ಳುತ್ತೆ, ಯಾವ ರೂಟರಿಗೆ ಯಾವ ಫೋನ್ ಅಂಟಿಕೊಂಡಿದೆ ಅಂತಲೂ ತೋರಿಸುತ್ತೆ. ನಮ್ಮ ವೈಫೈ ಹೆಸರನ್ನೇ ಬೇರೆಯವರು ಇಟ್ಟುಕೊಂಡರೆ ಎಚ್ಚರಿಸೋ ಹಾಗೆ ಹೊಂದಿಸಬಹುದು. ತೊಂದರೆ ಏನೆಂದರೆ ಅಡಾಪ್ಟರ್ ಒಂದೇ ಇದ್ದರೆ ಚಾನೆಲ್‌ನಿಂದ ಚಾನೆಲ್‌ಗೆ ಹಾರುತ್ತಾ ಇರುತ್ತೆ, ನಡುವೆ ಎಷ್ಟೋ ತಪ್ಪಿಹೋಗುತ್ತೆ. ಮೇಲಾಗಿ ಈಗಿನ ಫೋನುಗಳು ಮ್ಯಾಕ್ ಬದಲಿಸುತ್ತಲೇ ಇರುತ್ತವೆ. ನಮ್ಮವರ ಫೋನೇ ಅಪರಿಚಿತರ ಸಾಲಿನಲ್ಲಿ ಬಂದು ನಿಲ್ಲುತ್ತೆ. ದಿನಾ ಕೂತು ನೋಡುವ ಪುರುಸೊತ್ತು ಇಲ್ಲದವರು ಇದರ ತಂಟೆಗೆ ಹೋಗಬೇಡಿ.

ನಾನು ಉಳಿಸಿಕೊಂಡಿದ್ದು ಆ್ಯಪ್ ಮತ್ತು ಕಂಟ್ರೋಲರ್. ಪೈ ಬೀರುವಿನಲ್ಲಿದೆ, ಅನುಮಾನ ಬಂದಾಗ ಹೊರಗೆ ಬರುತ್ತೆ. ಸ್ಟೋರಿಗೆ ರ‍್ಯಾಕ್ ಸಾಲುಗಳ ನಡುವೆ ಒಂದು ಆಕ್ಸೆಸ್ ಪಾಯಿಂಟ್ ಹಾಕಿಸಿದೆವು. ಜನರೇಟರ್ ರೂಮಿಗೆ ಇನ್ನೂ ಹಾಕಿಸಿಲ್ಲ. ಅಲ್ಲಿನ ಲ್ಯಾನ್ ಪಾಯಿಂಟನ್ನು ಸ್ವಿಚ್‌ನಲ್ಲೇ ಆಫ್ ಮಾಡಿಟ್ಟಿದ್ದೇನೆ.