ಬಿಟ್‌ಕಾಯಿನ್ ಇಡೋಕೆ ಯಾವ ಜಾಗ ಒಳ್ಳೇದು? ಬಳಸಿ ನೋಡಿದವುಗಳ ಹೋಲಿಕೆ

ಬಿಟ್‌ಕಾಯಿನ್ ಕೊಳ್ಳಬೇಕೋ ಬೇಡವೋ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ನಾನು 2013ರಲ್ಲೇ ಬೆಂಗಳೂರಲ್ಲಿ ಒಂದಿಷ್ಟು ಕೊಂಡವನು. ಆ ವರ್ಷ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಇದರ ಅಪಾಯದ ಬಗ್ಗೆ ಎಚ್ಚರಿಕೆ ಕೊಟ್ಟಿತು. ಮನೆಯಲ್ಲಿ ಬೈಸಿಕೊಂಡದ್ದೂ ಆಯಿತು. ಇಲ್ಲಿ ಬರೆಯುತ್ತಿರುವುದು ಕೊಂಡ ಮೇಲಿನ ತಲೆನೋವಿನ ಬಗ್ಗೆ. ಎಲ್ಲಿಡಬೇಕು, ಹೇಗೆ ಕಾಪಾಡಬೇಕು, ಬೇಕಾದಾಗ ಹೇಗೆ ಖರ್ಚು ಮಾಡಬೇಕು. ಬಿಟ್‌ಕಾಯಿನ್ ಇಡುವುದು ಅಂದರೆ ಅದನ್ನು ಖರ್ಚು ಮಾಡಲು ಬೇಕಾದ ಗುಟ್ಟಿನ ಸಂಖ್ಯೆಯನ್ನು, ಅಂದರೆ ಕೀಯನ್ನು, ಇಡುವುದು. ಆ ಕೀ ಇಡುವ ಜಾಗವೇ ವ್ಯಾಲೆಟ್. ಎಕ್ಸ್‌ಚೇಂಜ್ (ಕಾಯಿನ್ ಕೊಳ್ಳಲು, ಮಾರಲು ಇರುವ ಕಂಪನಿ), ಕಾಗದ, ಮೊಬೈಲ್, ಹಾರ್ಡ್‌ವೇರ್ ವ್ಯಾಲೆಟ್ (ಕೀ ಇಡುವ ಪುಟ್ಟ ಯಂತ್ರ), ಮಲ್ಟಿಸಿಗ್ (ಒಂದಕ್ಕಿಂತ ಹೆಚ್ಚು ಕೀ ಬೇಕಾಗುವ ವ್ಯವಸ್ಥೆ), ಎಲ್ಲವನ್ನೂ ಬಳಸಿ ನೋಡಿದ್ದೇನೆ.

ಇಂಥ ಹೋಲಿಕೆಗಳಲ್ಲಿ ಎಲ್ಲರೂ ಕೇಳುವುದು ಒಂದೇ: ಹ್ಯಾಕರ್ ಕೈಗೆ ಸಿಗುತ್ತಾ? ನಾನು ಕೇಳುವುದು ಬೇರೆ. ನಾಳೆ ನಾನಿಲ್ಲ ಅಂದರೆ ನನ್ನ ಹೆಂಡತಿ ಇದನ್ನು ತೆಗೆಯಬಲ್ಲಳಾ? ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ. ಕಂಪ್ಯೂಟರ್ ಅಂದರೆ ಹೆದರುವವಳಲ್ಲ. ಆದರೆ ಬಿಟ್‌ಕಾಯಿನ್ ಬಗ್ಗೆ ಚೂರೂ ಆಸಕ್ತಿ ಇಲ್ಲ. ಪರೀಕ್ಷೆಗೆ ಇವಳಿಗಿಂತ ಸರಿಯಾದವರು ಸಿಗಲ್ಲ. ಒಂದೊಂದು ಕಡೆಯೂ ಚಿಲ್ಲರೆ ಮೊತ್ತ ಹಾಕಿ, ಹಾಳೆಯಲ್ಲಿ ಸೂಚನೆ ಬರೆದುಕೊಟ್ಟು, ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತೆ.

ಮೊದಲು ಎಕ್ಸ್‌ಚೇಂಜ್. ಆ್ಯಪ್ ತೆರೆದಳು, ಒಟಿಪಿ ಹಾಕಿದಳು, ಮಾರುವ ಬಟನ್ ಎದುರಿಗೇ ಇತ್ತು. "ರೀ, ಇದೇ ಸುಲಭ ಅಲ್ವಾ? ಮತ್ತೆ ಯಾಕೆ ಈ ಸರ್ಕಸ್ಸು?" ಅಂದಳು. ಸುಲಭ ಹೌದು. ಆದರೆ ಒಟಿಪಿ ಬಂದದ್ದು ನನ್ನ ಫೋನಿಗೆ, ಖಾತೆ ನನ್ನ ಪ್ಯಾನ್ ಮೇಲಿದೆ. ನಾನು ಸತ್ತ ಮೇಲೆ ಅವಳು ಹಾಗೆ ಒಳಗೆ ಹೋಗುವಂತಿಲ್ಲ, ಕಾಗದಪತ್ರ ಹಿಡಿದು ಕಂಪನಿಯನ್ನು ಕೇಳಬೇಕು. ಆ ಹೊತ್ತಿಗೆ ಕಂಪನಿ ಇರಬೇಕು.

ಇರುತ್ತೆ ಅನ್ನುವ ಧೈರ್ಯ ನನಗಿಲ್ಲ. 2014ರ ಫೆಬ್ರುವರಿಯಲ್ಲಿ ಟೋಕಿಯೋದ ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್ ಬಾಗಿಲು ಹಾಕಿತು. ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆ ಅಂದರು, ಆಮೇಲೆ 2 ಲಕ್ಷದಷ್ಟು ಹಳೆಯ ವ್ಯಾಲೆಟ್ಟಿನಲ್ಲಿ ಸಿಕ್ಕಿತು ಅಂದರು. ಗ್ರಾಹಕರಿಗೆ ಕಾಯಿನ್ ವಾಪಸ್ ಕೊಡಲು ಶುರು ಮಾಡಿದ್ದು 2024ರಲ್ಲಿ. ನಮ್ಮಲ್ಲೂ ಕಡಿಮೆಯಿಲ್ಲ. 2018ರ ಏಪ್ರಿಲಿನಲ್ಲಿ ದೆಹಲಿಯ ಕಾಯಿನ್‌ಸೆಕ್ಯೂರ್‌ನಿಂದ 438 ಬಿಟ್‌ಕಾಯಿನ್ ಹೋಯಿತು. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಹೋಯಿತು. ಅಲ್ಲಿ ಕದ್ದದ್ದು ಇಥೀರಿಯಂ ಅನ್ನುವ ಬೇರೊಂದು ಜಾಲದ ಕಾಯಿನ್ನುಗಳನ್ನು. ಆದರೂ ಬರೀ ಬಿಟ್‌ಕಾಯಿನ್ ಇಟ್ಟವರೂ ತಮ್ಮದನ್ನು ಹೊರಗೆ ತೆಗೆಯಲಾಗದೆ ಒಂದು ವರ್ಷಕ್ಕೂ ಮೇಲೆ ಕಾದರು. ಎಲ್ಲರದ್ದೂ ಒಂದೇ ರಾಶಿಯಲ್ಲಿ ಇದ್ದರೆ ನಷ್ಟವೂ ಎಲ್ಲರ ತಲೆಗೆ.

ಕಳ್ಳ ಬರದೆಯೂ ಬಾಗಿಲು ಮುಚ್ಚಬಹುದು. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಿಂದ ಎಕ್ಸ್‌ಚೇಂಜ್‌ಗಳಿಗೆ ಬ್ಯಾಂಕ್ ಸಂಪರ್ಕವೇ ತಪ್ಪಿತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದು 2020ರ ಮಾರ್ಚ್ 4ರಂದು. ಆ ಎರಡು ವರ್ಷ, ಕಾಯಿನ್ ಸ್ವಂತ ವ್ಯಾಲೆಟ್ಟಿನಲ್ಲಿ ಇದ್ದವರು ಚಿಂತೆಯಿಲ್ಲದೆ ಕೂತರು. ಇನ್ನೊಂದು ಮಾತು: ನಾನು ಬಳಸುತ್ತಿದ್ದ ಒಂದು ಆ್ಯಪ್‌ನಲ್ಲಿ ಕಾಯಿನ್ ಕೊಳ್ಳಬಹುದಿತ್ತು, ಮಾರಬಹುದಿತ್ತು, ಹೊರಗಿನ ಬಿಟ್‌ಕಾಯಿನ್ ವಿಳಾಸಕ್ಕೆ (ಬ್ಯಾಂಕಿನ ಖಾತೆ ನಂಬರಿನಂಥದ್ದು) ಕಳಿಸಲು ಮಾತ್ರ ಆಗುತ್ತಿರಲಿಲ್ಲ. ಹಣ ಹಾಕುವ ಮುಂಚೆ ಇದೊಂದನ್ನು ನೋಡಿಕೊಳ್ಳಿ. ಎಕ್ಸ್‌ಚೇಂಜ್ ನನಗೆ ರೂಪಾಯಿ ಒಳಗೆ ಹೋಗುವ, ಹೊರಗೆ ಬರುವ ದಾರಿ ಅಷ್ಟೇ.

ಇನ್ನು ಕಾಗದ. ಹಳಬರಿಗೆಲ್ಲ ಗೊತ್ತಿರುವ ವಿಧಾನ. ಇಂಟರ್‌ನೆಟ್ ಕಿತ್ತ ಕಂಪ್ಯೂಟರಿನಲ್ಲಿ ಕೀ ಹುಟ್ಟಿಸಿ, ವಿಳಾಸದ್ದೊಂದು, ಕೀಯದ್ದೊಂದು, ಹೀಗೆ ಎರಡು ಕ್ಯೂಆರ್ ಕೋಡ್ ಪ್ರಿಂಟ್ ಮಾಡಿ, ಮಡಚಿ ಇಡುವುದು. 2013ರಲ್ಲಿ ಇದಕ್ಕಿಂತ ಭದ್ರ ಯಾವುದೂ ಇಲ್ಲ ಅನ್ನುತ್ತಿದ್ದರು, ಆಗ ಅದು ನಿಜವೂ ಆಗಿತ್ತು. ಈಗ ನಾನು ಯಾರಿಗೂ ಹೇಳಲ್ಲ. ಮೊದಲ ಕಾರಣ ನಮ್ಮ ಹವೆ. ಸಾಗರದ ಅಮ್ಮನ ಮನೆಯಲ್ಲಿ ಇಟ್ಟಿದ್ದ ಒಂದು ಪ್ರತಿ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿದು ಇಂಕ್ ಹರಡಿತ್ತು. ಲ್ಯಾಮಿನೇಷನ್ ಮಾಡಿಸಿದ್ದರೂ ಅಂಚಿನಿಂದ ತೇವ ಒಳಗೆ ಹೋಗಿತ್ತು. ಬ್ಯಾಂಕ್ ಲಾಕರ್ ಅಂತೀರಾ? 2023ರಲ್ಲಿ ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಲಾಕರಿನೊಳಗಿದ್ದ 18 ಲಕ್ಷ ರೂಪಾಯಿಯ ನೋಟುಗಳನ್ನು ಗೆದ್ದಲು ತಿಂದು ಮುಗಿಸಿತ್ತು.

ಎರಡನೆಯದು ಚಿಲ್ಲರೆ ವಾಪಸ್ ಬರುವುದರ ತೊಂದರೆ. ಬಿಟ್‌ಕಾಯಿನ್‌ನಲ್ಲಿ ಒಂದು ವಿಳಾಸದಿಂದ ಸ್ವಲ್ಪ ಕಳಿಸಿದರೆ ಉಳಿದದ್ದು ಬಹಳ ಸಲ ಬೇರೊಂದು ಹೊಸ ವಿಳಾಸಕ್ಕೆ ಹೋಗುತ್ತದೆ. ಕಾಗದದ ಕೀಯನ್ನು ಯಾವುದೋ ಸಾಫ್ಟ್‌ವೇರಿಗೆ ಹಾಕಿ ಅರ್ಧ ಖರ್ಚು ಮಾಡಿದವರು, ಮಿಕ್ಕಿದ್ದು ಕಾಗದದಲ್ಲೇ ಇದೆ ಅಂದುಕೊಂಡು ಆ ಸಾಫ್ಟ್‌ವೇರ್ ಅಳಿಸಿಬಿಟ್ಟರೆ ಕಥೆ ಮುಗಿಯಿತು. ಕಾಗದದಿಂದ ತೆಗೆಯುವುದಾದರೆ ಇದ್ದಷ್ಟನ್ನೂ ಒಂದೇ ಸಲ ಹೊಸ ವ್ಯಾಲೆಟ್ಟಿಗೆ ಗುಡಿಸಿಬಿಡಬೇಕು. ನನ್ನ ಹೆಂಡತಿ ಪರೀಕ್ಷೆಯಲ್ಲಿ ಸಿಕ್ಕಿಕೊಂಡದ್ದು ಇನ್ನೊಂದು ಕಡೆ: "ಎರಡು ಕೋಡ್ ಇದೆ, ಯಾವುದನ್ನು ಸ್ಕ್ಯಾನ್ ಮಾಡಲಿ?" ಒಂದು ಲೋಕಕ್ಕೆಲ್ಲ ತೋರಿಸಬಹುದಾದದ್ದು, ಇನ್ನೊಂದು ಯಾರಿಗೂ ತೋರಿಸಬಾರದ್ದು. ನೋಡಲು ಎರಡೂ ಒಂದೇ ಥರ. ನಿಮ್ಮ ಹತ್ತಿರ ಇನ್ನೂ ಹಳೆ ಕಾಗದವಿದ್ದರೆ ಈ ವಾರವೇ ಬೇರೆ ಕಡೆಗೆ ಸಾಗಿಸಿ.

ಮೊಬೈಲ್ ವ್ಯಾಲೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜೇಬಿನಲ್ಲಿ ಎಷ್ಟು ನೋಟು ಇಟ್ಟುಕೊಂಡು ಓಡಾಡುತ್ತೀರೋ ಅಷ್ಟಕ್ಕೆ ಸರಿ. 2013ರ ಆಗಸ್ಟಿನಲ್ಲಿ ಆಂಡ್ರಾಯ್ಡ್‌ನ ಕೀಗೆ ಆಧಾರವಾದ ಯಾದೃಚ್ಛಿಕ (ಊಹಿಸಲಾಗದ) ಸಂಖ್ಯೆ ಹುಟ್ಟಿಸುವ ಭಾಗದಲ್ಲೇ ದೋಷ ಸಿಕ್ಕಿ, ಫೋನಿನಲ್ಲಿ ಹುಟ್ಟಿದ ಕೀಗಳೆಲ್ಲ ನಂಬಿಕೆಗೆ ಅರ್ಹವಲ್ಲ ಅಂತಾಯಿತು. ಆಗಿನಿಂದ ದೊಡ್ಡ ಮೊತ್ತ ಫೋನಿಗೆ ಹಾಕಿಲ್ಲ. ಇಂದಿನ ಫೋನ್ ವ್ಯಾಲೆಟ್‌ಗಳು ಆಗಿನಂತಿಲ್ಲ, ನಿಜ. ಆದರೆ ಫೋನ್ ಕಳೆಯುವುದು ನಿಂತಿಲ್ಲವಲ್ಲ.

ಹಾರ್ಡ್‌ವೇರ್ ವ್ಯಾಲೆಟ್‌ಗೆ ಬರೋಣ. ನನ್ನ ಉಳಿತಾಯದ ಬಹುಪಾಲು ಈಗ ಇರುವುದು ಇದರಲ್ಲಿ. ಜೆಕ್ ದೇಶದ ಟ್ರೆಜರ್ 2014ರಲ್ಲಿ ಬಂತು, ಫ್ರಾನ್ಸಿನ ಲೆಡ್ಜರ್ ಆಮೇಲೆ. ಎರಡನ್ನೂ ಬಳಸಿದ್ದೇನೆ. ಗುಟ್ಟಿನ ಕೀ ಆ ಪುಟ್ಟ ಯಂತ್ರದಿಂದ ಹೊರಗೆ ಬರುವುದೇ ಇಲ್ಲ, ಹಣ ಕಳಿಸಲು ಒಪ್ಪಿಗೆಯ ಡಿಜಿಟಲ್ ಸಹಿ ಮಾತ್ರ ಬರುತ್ತದೆ. ಕಂಪ್ಯೂಟರಿನಲ್ಲಿ ವೈರಸ್ ಇದ್ದರೂ ನೀವು ಯಂತ್ರದ ಪರದೆಯಲ್ಲಿ ವಿಳಾಸ ನೋಡಿ ಒತ್ತಿದರೆ ಮಾತ್ರ ಹಣ ಹೋಗುತ್ತದೆ. ಆ ಪರದೆಯನ್ನು ನೋಡದೆ ಒತ್ತುವ ಹಾಗಿದ್ದರೆ ಯಂತ್ರ ಕೊಳ್ಳುವುದೇ ದಂಡ.

ಎರಡರಲ್ಲಿ ಯಾವುದು? ಟ್ರೆಜರ್‌ನ ಸಾಫ್ಟ್‌ವೇರ್ ಪೂರ್ತಿ ತೆರೆದದ್ದು, ಯಾರು ಬೇಕಾದರೂ ಓದಬಹುದು. ಆದರೆ ಹಳೆಯ ಮಾದರಿ ಕಳ್ಳನ ಕೈಗೇ ಸಿಕ್ಕರೆ ಬಿಚ್ಚಿ ಕೀ ಹೊರತೆಗೆಯಬಹುದು ಅಂತ ಕ್ರಾಕನ್ ಅನ್ನುವ ಎಕ್ಸ್‌ಚೇಂಜ್‌ನ ಭದ್ರತಾ ತಂಡ 2020ರಲ್ಲಿ ಮಾಡಿ ತೋರಿಸಿತು. ಲೆಡ್ಜರ್‌ನಲ್ಲಿ ಅದಕ್ಕೆಂದೇ ಭದ್ರ ಚಿಪ್ ಇದೆ. ಆದರೆ 2020ರಲ್ಲಿ ಅವರ ಗ್ರಾಹಕರ ಪಟ್ಟಿ ಸೋರಿ, ಸುಮಾರು 2.7 ಲಕ್ಷ ಜನರ ಮನೆ ವಿಳಾಸ, ಫೋನ್ ನಂಬರ್ ಬಯಲಾಯಿತು. ಕೆಲವರಿಗೆ ನಕಲಿ ಯಂತ್ರಗಳೂ ಅಂಚೆಯಲ್ಲಿ ಬಂದವು. 2023ರಲ್ಲಿ ಕೀಯನ್ನು ತುಂಡು ಮಾಡಿ ಕಂಪನಿಗಳ ಹತ್ತಿರ ಇಡುವ ಸೇವೆ ತರುತ್ತೇವೆ ಅಂದಾಗ ನಮ್ಮಂಥ ಹಳಬರೆಲ್ಲ ಸಿಟ್ಟಾದೆವು. ನನ್ನ ಆಯ್ಕೆ ಟ್ರೆಜರ್. ಯಂತ್ರವನ್ನು ಬೀರುವಿನಲ್ಲಿ ಬೀಗ ಹಾಕಿ ಇಡುವುದು ನನ್ನ ಕೈಯಲ್ಲಿದೆ, ಸೋರಿದ ವಿಳಾಸವನ್ನು ವಾಪಸ್ ತರುವುದು ಯಾರ ಕೈಯಲ್ಲೂ ಇಲ್ಲ. ಯಾವುದೇ ಇರಲಿ, ತಯಾರಕರಿಂದ ಅಥವಾ ಅವರೇ ಒಪ್ಪಿದ ಮಾರಾಟಗಾರರಿಂದ ಕೊಳ್ಳಿ. ಡಬ್ಬಿಯೊಳಗೆ ಪದಗಳು ಮೊದಲೇ ಬರೆದಿದ್ದರೆ ಅದು ಮೋಸ.

ಪದಗಳು ಅಂದೆನಲ್ಲ, ನಿಜವಾದ ವ್ಯಾಲೆಟ್ ಅದೇ. ಯಂತ್ರ ಕೆಟ್ಟರೆ ಇನ್ನೊಂದು ಕೊಂಡು, ಈ ಪದಗಳನ್ನು ಹಾಕಿ ಕೀಯನ್ನು ಮತ್ತೆ ಹುಟ್ಟಿಸಬಹುದು. ಮೊದಲ ದಿನ ಅದು ತೋರಿಸುವ, ಸಾಮಾನ್ಯವಾಗಿ 12 ಅಥವಾ 24, ಇಂಗ್ಲಿಷ್ ಪದಗಳು ಹೋದರೆ ಎಲ್ಲವೂ ಹೋಯಿತು. 2048 ಪದಗಳ ಒಂದು ಪಟ್ಟಿಯಿಂದ ಇವು ಬರುತ್ತವೆ, ಮೊದಲ ನಾಲ್ಕು ಅಕ್ಷರ ನೋಡಿದರೆ ಯಾವ ಪದ ಅಂತ ತಿಳಿಯುತ್ತದೆ. ಅಂದರೆ 24 ಪದಕ್ಕೆ 96 ಅಕ್ಷರ ಸಾಕು. ಇದು ಗೊತ್ತಾದ ಮೇಲೆ ನಾನು ಕಾಗದ ಬಿಟ್ಟು ಸ್ಟೀಲಿಗೆ ಹೋದೆ. ಅದಕ್ಕೆಂದೇ ಮಾಡಿದ ವಿದೇಶಿ ತಗಡುಗಳು ಸಿಗುತ್ತವೆ, ಬೆಲೆ ಕೇಳಿದರೆ ನಗು ಬರುತ್ತದೆ. ನಮ್ಮ ಪಾತ್ರೆ ಅಂಗಡಿಗಳಲ್ಲಿ ಮದುವೆ ಪಾತ್ರೆಗೆ ಹೆಸರು ಕೊರೆದುಕೊಡುತ್ತಾರಲ್ಲ, ಅದೇ ಕೆಲಸ. ಆದರೆ ಅವರ ಕೈಗೆ ಪದಗಳನ್ನು ಕೊಡುವಂತಿಲ್ಲ. ಎಸ್.ಪಿ. ರಸ್ತೆಯ ಕಡೆ ಟೂಲ್ಸ್ ಅಂಗಡಿಯಲ್ಲಿ ಅಕ್ಷರದ ಪಂಚ್ ಸೆಟ್ ತಂದೆ, ದಪ್ಪ ಸ್ಟೀಲ್ ಪಟ್ಟಿ ತಂದೆ, ಸುತ್ತಿಗೆ ಮನೆಯಲ್ಲೇ ಇತ್ತು. ಮಹಡಿ ಮೇಲೆ ಒಂದು ಭಾನುವಾರ ಕುಟ್ಟಿದೆ. ಕೆಳಗಿನ ಮನೆಯ ಅಂಕಲ್ "ಏನ್ರೀ, ಕುಲುಮೆ ಶುರು ಮಾಡಿದ್ರಾ?" ಅಂತ ಕೇಳಿದರು.

ಹೆಂಡತಿಯ ಪರೀಕ್ಷೆಯಲ್ಲಿ ಇದು ಹೇಗಾಯಿತು ಅಂದರೆ: ಸ್ಟೀಲ್ ಪಟ್ಟಿ ಮತ್ತು ಖಾಲಿ ಯಂತ್ರ ಕೊಟ್ಟೆ. ಅವಳು ಎರಡು ಸಾಲನ್ನು ಮೇಲಿನಿಂದ ಕೆಳಕ್ಕೆ ಓದುವ ಬದಲು ಎಡದಿಂದ ಬಲಕ್ಕೆ ಓದಿದಳು. ಯಂತ್ರ ಒಪ್ಪಲಿಲ್ಲ. ಕೊನೆಯ ಪದದಲ್ಲಿ ತಾಳೆ ನೋಡುವ ಭಾಗ ಅಡಗಿರುವುದರಿಂದ ಕ್ರಮ ತಪ್ಪಿದರೆ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಪ್ರತಿ ಪದದ ಪಕ್ಕ 1, 2, 3 ಅಂತ ಕುಟ್ಟಿದ ಮೇಲೆ ಯಾರ ಸಹಾಯವೂ ಇಲ್ಲದೆ ಹಣ ತೆಗೆದಳು. ನಾನು ನೋಡಿದ ವಿಧಾನಗಳಲ್ಲಿ ಕಂಪನಿಯ ಹಂಗಿಲ್ಲದೆ ಅವಳು ಪಾಸಾದದ್ದು ಇದೊಂದರಲ್ಲೇ.

ಅದಕ್ಕೇ, ಆ ಪದಗಳ ಜೊತೆಗೆ ನಾವೇ ಆರಿಸಿಕೊಂಡ, 25ನೇ ಪದ ಅನ್ನುವ ಗುಟ್ಟಿನ ಮಾತು ಸೇರಿಸಿ ಅನ್ನುವವರ ಜೊತೆ ನನಗೆ ಜಗಳ. ಹೇಳುವುದಕ್ಕೆ ಒಳ್ಳೆಯ ಉಪಾಯ. ಪಟ್ಟಿ ಕದ್ದರೂ ಕಳ್ಳನಿಗೆ ಏನೂ ಸಿಗಲ್ಲ. ಆದರೆ ಅದನ್ನು ಒಂದಕ್ಷರ ತಪ್ಪಾಗಿ ಹಾಕಿದರೂ "ತಪ್ಪು" ಅಂತ ಯಂತ್ರ ಹೇಳುವುದಿಲ್ಲ, ಬೇರೊಂದು ಖಾಲಿ ವ್ಯಾಲೆಟ್ ತೆರೆದು ಸೊನ್ನೆ ತೋರಿಸುತ್ತದೆ. ನನ್ನ ಹೆಂಡತಿ ಆ ಸೊನ್ನೆ ನೋಡಿ, "ಈ ಮನುಷ್ಯ ಎಲ್ಲ ಕಳೆದುಬಿಟ್ಟಿದ್ದ" ಅಂತ ಪಟ್ಟಿಯನ್ನು ಗುಜರಿಗೆ ಹಾಕುತ್ತಾಳೆ.

ಮಲ್ಟಿಸಿಗ್ ಇನ್ನೂ ಒಂದು ಹೆಜ್ಜೆ ಮುಂದೆ. ಮೂರು ಕೀ, ಯಾವ ಎರಡು ಸೇರಿದರೂ ಹಣ ಹೋಗುತ್ತದೆ. ಒಂದು ನಮ್ಮನೆ, ಒಂದು ಭಾವನ ಮನೆ, ಒಂದು ಲಾಕರ್. ಕಳ್ಳ ಒಂದು ಕಡೆ ನುಗ್ಗಿದರೆ ಉಪಯೋಗವಿಲ್ಲ, ಒಂದು ಸುಟ್ಟುಹೋದರೆ ಚಿಂತೆಯಿಲ್ಲ. ಸ್ಪ್ಯಾರೋ ಅನ್ನುವ ಸಾಫ್ಟ್‌ವೇರಿನಲ್ಲಿ ಮಾಡಿದೆ, ಚೆನ್ನಾಗಿಯೇ ನಡೆಯಿತು. ಆದರೆ ಬಹಳ ಜನ ಹೇಳದೆ ಬಿಡುವ ಒಂದು ಸಂಗತಿಯಿದೆ. ಎರಡು ಕೀಯ ಪದಗಳಷ್ಟೇ ಇದ್ದರೆ ಸಾಲದು. ಮೂರನೆಯದರ ಸಾರ್ವಜನಿಕ ಕೀ (ಅದರ ಜೊತೆಗೇ ಇರುವ, ಹಣ ತೆಗೆಯಲು ಬಾರದ ಸಂಖ್ಯೆ) ಕೂಡ ಗೊತ್ತಿದ್ದರೆ ಮಾತ್ರ ಆ ವ್ಯಾಲೆಟ್ಟನ್ನು ಮತ್ತೆ ಕಟ್ಟಲು ಆಗುವುದು. ಅದನ್ನೆಲ್ಲ ಒಳಗೊಂಡ ಒಂದು ಚಿಕ್ಕ ಫೈಲನ್ನು ಪ್ರತಿ ಕೀಯ ಜೊತೆಗೂ ಇಡಬೇಕು. ನಾನು ಇಟ್ಟೆ. ಹೆಂಡತಿ ಆ ಫೈಲ್ ತೆರೆದು ನೋಡಿ ಲ್ಯಾಪ್‌ಟಾಪ್ ಮುಚ್ಚಿದಳು. "ಇದನ್ನು ನಿಮ್ಮ ತಮ್ಮನಿಗೆ ಹೇಳಿ." ತಮ್ಮನೂ ಅರ್ಧಕ್ಕೇ ನಿಂತ. ಮನೆಯಲ್ಲಿ ಇದನ್ನು ಬಲ್ಲ ಇನ್ನೊಬ್ಬರು ಇದ್ದರೆ, ಮೊತ್ತವೂ ದೊಡ್ಡದಿದ್ದರೆ ಮಾಡಿ. ನಮ್ಮನೆಗೆ ಬೇಡ ಅಂತ ಬಿಚ್ಚಿಹಾಕಿದೆ.

ಖರ್ಚಿನ ವಿಷಯ. 2013ರಲ್ಲಿ ಯುಪಿಐ ಇರಲಿಲ್ಲ, ಬಿಟ್‌ಕಾಯಿನ್‌ನಲ್ಲಿ ಕಾಫಿ ಕುಡಿಯುವ ಕನಸು ನಮಗೆಲ್ಲ ಇತ್ತು. ಈಗ ಎಳನೀರಿನವರೂ ಕ್ಯೂಆರ್ ತೋರಿಸುತ್ತಾರೆ, ಅದೂ ಪುಕ್ಕಟೆ. ಬಿಟ್‌ಕಾಯಿನ್‌ನ ಮುಖ್ಯ ಜಾಲದಲ್ಲಿ ವ್ಯವಹಾರಗಳ ಒಂದು ಕಂತೆ, ಅಂದರೆ ಬ್ಲಾಕ್, ದಾಖಲಾಗಲು ಸರಾಸರಿ 10 ನಿಮಿಷ, ಶುಲ್ಕಕ್ಕೆ ಗ್ಯಾರಂಟಿ ಇಲ್ಲ. 2024ರ ಏಪ್ರಿಲ್‌ನ ಹಾವಿಂಗ್ (ಹೊಸ ಕಾಯಿನ್ ಹುಟ್ಟುವ ಪ್ರಮಾಣ ಅರ್ಧಕ್ಕಿಳಿಯುವುದು) ದಿನ ಸರಾಸರಿ ಶುಲ್ಕ 100 ಡಾಲರ್ ದಾಟಿತ್ತು. ಅದರ ಮೇಲೆ ಕಟ್ಟಿದ, ಸಣ್ಣ ಪಾವತಿಗಳ ಲೈಟ್ನಿಂಗ್ ಜಾಲದಲ್ಲಿ ಕ್ಷಣದಲ್ಲಿ, ಪೈಸೆ ಲೆಕ್ಕದಲ್ಲಿ ಹೋಗುತ್ತದೆ. ವಿದೇಶದ ಗೆಳೆಯನಿಗೆ ಕಳಿಸಿ ನೋಡಿದಾಗ ಖುಷಿಯಾಯಿತು. ನಮ್ಮ ಬೀದಿಯಲ್ಲಿ ಮಾತ್ರ ಅದಕ್ಕೆ ಕೆಲಸವಿಲ್ಲ.

ಅದಕ್ಕಿಂತ ದೊಡ್ಡ ಅಡ್ಡಿ ತೆರಿಗೆ. 2022ರ ಬಜೆಟ್‌ನಿಂದ ಲಾಭದ ಮೇಲೆ 30%, ಜೊತೆಗೆ ಸೆಸ್. ಮಾರುವಾಗ 1% ಟಿಡಿಎಸ್. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಕಾಯಿನ್ ಕೊಟ್ಟು ಸಾಮಾನು ಕೊಂಡರೂ ಅದು ಮಾರಿದ ಲೆಕ್ಕವೇ. ಕಳೆಯಲು ಬಿಡುವುದು ಕೊಂಡ ಬೆಲೆಯೊಂದನ್ನೇ, ಅದಕ್ಕೂ ದಾಖಲೆ ಬೇಕು. ಹಳಬರು ಒದ್ದಾಡುವುದು ಇಲ್ಲೇ. ಆಗ ಹಣ ಕಳಿಸಿದ ಖಾತೆ ಎಸ್‌ಬಿಎಂ, ವಿಜಯಾ ಬ್ಯಾಂಕ್, ಸಿಂಡಿಕೇಟ್ ಅಥವಾ ಕಾರ್ಪೊರೇಷನ್ ಬ್ಯಾಂಕಿನದ್ದಾಗಿದ್ದರೆ, 2017ರಿಂದ 2020ರ ನಡುವೆ ಆ ನಾಲ್ಕೂ ಬೇರೆ ಬ್ಯಾಂಕುಗಳಲ್ಲಿ ಸೇರಿಹೋಗಿವೆ. ಹಳೆ ಖಾತೆಯ ಸ್ಟೇಟ್‌ಮೆಂಟ್ ಈಗಿನ ಶಾಖೆಯಲ್ಲಿ ಕೇಳಿ ತೆಗೆದಿಡಿ. ಯಾವ ದಿನ, ಎಷ್ಟು ಕೊಟ್ಟೆ, ಎಷ್ಟು ಕಾಯಿನ್ ಬಂತು ಅಂತ ಅದರ ಹಿಂದೆ ಬರೆದು, ಎಲ್ಐಸಿ ಬಾಂಡ್ ಇರುವ ಫೈಲಿಗೆ ಸೇರಿಸಿ. ಅದನ್ನು ಯಾರು ನೋಡಿದರೂ ತೊಂದರೆಯಿಲ್ಲ. ಸ್ಟೀಲ್ ಪಟ್ಟಿಯನ್ನು ಮಾತ್ರ ಆ ಫೈಲಿನ ಹತ್ತಿರ ಇಡಬೇಡಿ.