ಮೂರು ಚಳಿಗಾಲ, ಮೂರು ಟ್ರೇನರ್

ಟ್ರೇನರ್ ಎಂದರೆ ಸೈಕಲ್ಲನ್ನು ಮನೆಯೊಳಗೇ ನಿಂತಲ್ಲೇ ತುಳಿಯಲು ಬಳಸುವ ಸಾಧನ. ಅದರಲ್ಲಿ ಡೈರೆಕ್ಟ್ ಡ್ರೈವ್ ಎಂಬ ಬಗೆಯದು ಒಂದಿದ್ದರೆ ಸಾಕು ಎಂದು ನಾನು ಕೇಳಿದವರೆಲ್ಲ ಹೇಳಿದರು. ಮೂರು ಚಳಿಗಾಲ ಮೂರು ಬಗೆಯನ್ನೂ ತುಳಿದ ಮೇಲೆ ನನಗೆ ಹಾಗನ್ನಿಸುತ್ತಿಲ್ಲ.

ನಾನಿರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಇಲ್ಲಿನ ಮಿಡ್‌ಟೌನ್ ಗ್ರೀನ್‌ವೇ ಸೈಕಲ್ ದಾರಿಯಲ್ಲಿ ಹಿಮ ತೆಗೆಯುತ್ತಾರೆ, ದಪ್ಪ ಟೈರ್ ಹಾಕಿಕೊಂಡು ಜನವರಿಯಲ್ಲೂ ಓಡಾಡುವವರಿದ್ದಾರೆ. ಮೈನಸ್ 20 ಡಿಗ್ರಿಯಲ್ಲಿ ನನ್ನ ಬೆರಳು ತಡೆಯಲಿಲ್ಲ. ರಸ್ತೆಗೆ ಸುರಿಯುವ ಉಪ್ಪಿಗೆ ಒಂದೇ ತಿಂಗಳಲ್ಲಿ ಚೈನ್ ತುಕ್ಕು ಹಿಡಿಯಿತು.

ಮೊದಲ ವರ್ಷ ಸೆಕೆಂಡ್ ಹ್ಯಾಂಡ್ ಫ್ಲೂಯಿಡ್ ಟ್ರೇನರ್ ಕೊಂಡೆ. ಹಿಂದಿನ ಚಕ್ರವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಟೈರಿಗೆ ಲೋಹದ ರೋಲರ್ ಒತ್ತಿ ನಿಲ್ಲಿಸಬೇಕು. ಒಳಗೆ ದಪ್ಪ ಎಣ್ಣೆ. ಜೋರಾಗಿ ತುಳಿದಷ್ಟೂ ಭಾರ. ಕರೆಂಟ್ ಬೇಡ, ಫೋನ್ ಬೇಡ, ಅದು ಇಷ್ಟವಾಯಿತು. ಕಷ್ಟವೆಲ್ಲ ಟೈರಿನದು. ಡಿಸೆಂಬರ್ ಮುಗಿಯುವಷ್ಟರಲ್ಲಿ ಅದರ ನಡುಭಾಗ ಚಪ್ಪಟೆ, ನೆಲದ ಮೇಲೆ ಪೆನ್ಸಿಲ್ ರಬ್ಬರ್ ಉಜ್ಜಿದ ಹಾಗೆ ಕರಿ ಪುಡಿ. ಟ್ರೇನರಿಗೆಂದೇ ಸಿಗುವ ಗಟ್ಟಿ ಟೈರ್ ಹಾಕಿದ ಮೇಲೆ ಸರಿಹೋಯಿತು. ಸದ್ದು ಮಾತ್ರ ಹೋಗಲಿಲ್ಲ, ಕೆಳಮನೆಯವರು ಎರಡನೇ ವಾರಕ್ಕೇ ಬಂದು ಬಾಗಿಲು ತಟ್ಟಿದರು.

ಎರಡನೇ ವರ್ಷದ್ದು ರೋಲರ್ಸ್. ಹಿಂದೆ ಎರಡು ಉರುಳೆ, ಮುಂದೆ ಒಂದು, ಮುಂದಿನದನ್ನೂ ತಿರುಗಿಸಲು ಒಂದು ಬೆಲ್ಟ್. ಸೈಕಲ್ಲನ್ನು ಏನೂ ಹಿಡಿದುಕೊಂಡಿರುವುದಿಲ್ಲ. ಎರಡೂ ಕಡೆ ಗೋಡೆ ಕೈಗೆಟಕುವ ಪ್ಯಾಸೇಜಿನಲ್ಲಿಟ್ಟು ಕಲಿತೆ. ಮೂರು ದಿನ ಗೋಡೆ ಬಿಡಲಾಗಲಿಲ್ಲ. ಮುಂದಿನ ಚಕ್ರವನ್ನೇ ನೋಡುತ್ತಿದ್ದರೆ ಸೈಕಲ್ಲು ಓಲಾಡುತ್ತದೆ. ಎದುರು ಬಾಗಿಲ ಚಿಲಕದ ಮೇಲೆ ಕಣ್ಣಿಟ್ಟೆ, ನಾಲ್ಕನೇ ದಿನ ನೇರ ನಿಂತಿತು. ಆ ಹತ್ತು ನಿಮಿಷ ಇನ್ನೂ ನೆನಪಿದೆ. ನಾನು ಪೆಡಲನ್ನು ಕೆಳಕ್ಕೆ ಗುದ್ದುತ್ತಿದ್ದೇನೆ, ಸುತ್ತಿಸುತ್ತಿಲ್ಲ ಎಂದು ಗೊತ್ತಾದದ್ದೂ ಅಲ್ಲೇ: ತುಳಿತ ಸಮನಿಲ್ಲದಿದ್ದರೆ ಹಿಂಬದಿ ಕುಪ್ಪಳಿಸುತ್ತದೆ. ಏಪ್ರಿಲಿನಲ್ಲಿ ರಸ್ತೆಗಿಳಿದಾಗ ಅಂಚಿನ ಬಿಳಿ ಗೆರೆಯ ಮೇಲೆ ಅಲುಗದೆ ಹೋದೆ. ಏರಿನಲ್ಲಿ ಮಾತ್ರ ಕಾಲು ಸೋತಿತು. ಸಾದಾ ರೋಲರ್ಸ್‌ನಲ್ಲಿ ಭಾರ ತೀರಾ ಕಡಿಮೆ, ಎದ್ದು ನಿಂತು ತುಳಿಯುವ ಧೈರ್ಯವೂ ನನಗಿಲ್ಲ.

ಹಾಗಾಗಿ ಈ ಸಲ ಡೈರೆಕ್ಟ್ ಡ್ರೈವ್. ಹಿಂದಿನ ಚಕ್ರ ಬಿಚ್ಚಿ ಚೈನನ್ನು ನೇರವಾಗಿ ಟ್ರೇನರಿನ ಕ್ಯಾಸೆಟ್‌ಗೇ (ಗೇರಿನ ಹಲ್ಲುಚಕ್ರಗಳ ಗುಚ್ಛಕ್ಕೇ) ಹಾಕುವುದು. ಟೈರ್ ಸವೆಯುವ ಮಾತೇ ಇಲ್ಲ, ಸದ್ದೆಂದರೆ ಚೈನಿನದಷ್ಟೇ. ಜ್ವಿಫ್ಟ್ ಎಂಬ ಸೈಕಲ್ ಸವಾರಿಯ ಆ್ಯಪ್‌ನ ಪರದೆಯಲ್ಲಿ ಏರು ಬಂದರೆ ಕಾಲಿಗೂ ಏರು. 200 ವಾಟ್ ಎಂದು ಇಟ್ಟರೆ ಬೇಗ ತುಳಿದರೂ ನಿಧಾನ ತುಳಿದರೂ 200ರಲ್ಲೇ ಹಿಡಿದಿಡುತ್ತದೆ. ಇಲ್ಲೊಂದು ಎಚ್ಚರಿಕೆ: ಸುಸ್ತಾಗಿ ಕಾಲು ನಿಧಾನವಾದರೆ ಅದು ಭಾರ ಏರಿಸುತ್ತದೆ, ಕಾಲು ಇನ್ನಷ್ಟು ನಿಧಾನ, ಕೊನೆಗೆ ಪೆಡಲ್ ಕಲ್ಲಾಗಿಬಿಡುತ್ತದೆ. ಉಸಿರು ಕಟ್ಟುವ ಮುಂಚೆಯೇ ಗುರಿ ಇಳಿಸಿ. ದುಡ್ಡು ಫ್ಲೂಯಿಡ್‌ನ ಹಲವು ಪಟ್ಟು. ನನ್ನದು 11 ಸ್ಪೀಡ್ ಸೈಕಲ್, ಅಂದರೆ ಹಿಂದೆ ಹನ್ನೊಂದು ಹಲ್ಲುಚಕ್ರ; ಕ್ಯಾಸೆಟ್ ಅದಕ್ಕೆ ಹೊಂದಬೇಕು. ಟ್ರೇನರ್ ಜೊತೆ ಕ್ಯಾಸೆಟ್ ಬರಲಿಲ್ಲ, ಅದಕ್ಕೆ ಬೇರೆ ಖರ್ಚು. ಆರ್ಡರ್ ಮಾಡುವ ಮೊದಲು ಇದನ್ನೂ, ಹಿಂದಿನ ಚಕ್ರದ ಆಕ್ಸಲ್ (ಅಚ್ಚು) ಯಾವ ಬಗೆಯದು ಎಂಬುದನ್ನೂ ನೋಡಿಕೊಳ್ಳಿ.

ಯಾವುದೇ ಕೊಂಡರೂ ಎದುರಿಗೊಂದು ದೊಡ್ಡ ಫ್ಯಾನ್, ಹ್ಯಾಂಡಲ್ ಮೇಲೊಂದು ಟವೆಲ್ ಬೇಕೇ ಬೇಕು. ಬೆವರು ಇಳಿದು, ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್‌ನ ಬೋಲ್ಟ್‌ಗಳು ಮೊದಲ ವರ್ಷವೇ ಕೆಂಪಾದವು.

ಫ್ಲೂಯಿಡ್ ಟ್ರೇನರನ್ನು ಗೆಳೆಯನಿಗೆ ಕೊಟ್ಟೆ. ವಾರಕ್ಕೆ ಮೂರು ದಿನ ಡೈರೆಕ್ಟ್ ಡ್ರೈವ್. ಭಾನುವಾರ ಬೆಳಗ್ಗೆ ಚಕ್ರ ಮತ್ತೆ ಜೋಡಿಸಿ ಪ್ಯಾಸೇಜಿನಲ್ಲಿ ರೋಲರ್ಸ್ ಹಾಸುತ್ತೇನೆ, ಅದೇ ಚಿಲಕ ನೋಡುತ್ತ ಅರ್ಧ ಗಂಟೆ.