ನ್ಯಾನೋ, ವಿಮ್, ಮೈಕ್ರೋ: ಸರ್ವರ್ ಕೆಲಸಕ್ಕೆ ಯಾವುದು?

ಸರ್ವರ್‌ಗೆ ಲಾಗಿನ್ ಆಗಬೇಕು, ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲಿನಲ್ಲಿ ಒಂದೆರಡು ಸಾಲು ತಿದ್ದಬೇಕು, ಹೊರಗೆ ಬರಬೇಕು. ಟರ್ಮಿನಲ್ ಎಡಿಟರ್ (ಕಮಾಂಡ್ ಟೈಪ್ ಮಾಡುವ ಕಿಟಕಿಯೊಳಗೇ ಫೈಲ್ ತಿದ್ದುವ ಪ್ರೋಗ್ರಾಮ್) ನನಗೆ ಬೇಕಾಗುವುದು ಹೆಚ್ಚಾಗಿ ಇಷ್ಟಕ್ಕೇ. ಇಡೀ ದಿನ ಅದರಲ್ಲೇ ಕೋಡ್ ಬರೆಯುವವರ ಲೆಕ್ಕ ಬೇರೆ. ಹಾಗಾಗಿ ನ್ಯಾನೋ, ವಿಮ್, ಮೈಕ್ರೋ ಮೂರನ್ನೂ ಇದೇ ಕೆಲಸಕ್ಕೆ ಹಚ್ಚಿ ನೋಡಿದೆ. ಮೂರೂ ಫ್ರೀ. ನನ್ನ ಓಟು ನ್ಯಾನೋಗೆ.

ಪರೀಕ್ಷೆಗೆ ತೆಗೆದುಕೊಂಡದ್ದು ರೂಟ್ ಲಾಗಿನ್, ಅಂದರೆ ಸರ್ವರ್‌ನ ಪೂರ್ಣ ಅಧಿಕಾರದ ಖಾತೆಗೆ ನೇರ ಪ್ರವೇಶ, ಮುಚ್ಚುವ ಕೆಲಸ. ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಕಾನ್ಫಿಗ್‌ನಲ್ಲಿ ‘ಪರ್ಮಿಟ್‌ರೂಟ್‌ಲಾಗಿನ್’ ಅನ್ನುವ ಸಾಲು ಸಾಮಾನ್ಯವಾಗಿ ಕಾಮೆಂಟ್ ಆಗಿರುತ್ತದೆ, ಅಂದರೆ ಮೊದಲಲ್ಲಿ ಹ್ಯಾಶ್ ಇರುವುದರಿಂದ ಲೆಕ್ಕಕ್ಕೆ ಬರುವುದಿಲ್ಲ. ಆ ಹ್ಯಾಶ್ ತೆಗೆದು, ಕೊನೆಯ ಪದ ಅಳಿಸಿ, ‘ನೋ’ ಎಂದು ಬರೆಯಬೇಕು.

ವಿಮ್‌ನಲ್ಲಿ ಸ್ಲ್ಯಾಶ್ ಒತ್ತಿ ಹೆಸರು ಹುಡುಕಿದೆ. ದೊಡ್ಡ ಎಕ್ಸ್ ಒತ್ತಿದರೆ ಹ್ಯಾಶ್ ಹೋಯಿತು. ಸಣ್ಣ ಡಬ್ಲ್ಯೂ ಒತ್ತಿದರೆ ಕರ್ಸರ್ ಮುಂದಿನ ಪದಕ್ಕೆ ಹಾರಿತು, ದೊಡ್ಡ ಸಿ ಒತ್ತಿದರೆ ಸಾಲಿನ ಉಳಿದ ಭಾಗ ಮಾಯ. ‘ನೋ’ ಬರೆದು ಎಸ್ಕೇಪ್, ಆಮೇಲೆ ಕೋಲನ್ ಡಬ್ಲ್ಯೂ ಕ್ಯೂ. ಕೈ ಪಳಗಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆದರೆ ಅಕ್ಷರ ಬರೆಯುವ ಇನ್ಸರ್ಟ್ ಮೋಡ್‌ನಲ್ಲಿ ಇದ್ದು, ಕಮಾಂಡ್ ಎಂದುಕೊಂಡು ಇವೇ ಕೀ ಒತ್ತಿದರೆ ಅಷ್ಟೂ ಅಕ್ಷರಗಳು ಫೈಲಿನೊಳಗೆ ಬೀಳುತ್ತವೆ. ಕಾನ್ಫಿಗ್‌ನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಆದರೆ ಸರ್ವಿಸ್ ಮತ್ತೆ ಏಳದೆ ಕೂರಬಹುದು. ಯಾವಾಗಲೋ ಒಮ್ಮೆ ಸರ್ವರ್ ಮುಟ್ಟುವವರಿಗೆ ಈ ಮೋಡ್ ತಲೆನೋವು ಯಾಕೆ ಬೇಕು, ಅಲ್ವಾ?

ನ್ಯಾನೋದಲ್ಲಿ ಕಂಟ್ರೋಲ್-ಡಬ್ಲ್ಯೂ ಒತ್ತಿ ಹುಡುಕಿ, ಬ್ಯಾಕ್‌ಸ್ಪೇಸ್‌ನಿಂದ ಹ್ಯಾಶ್ ತೆಗೆದು, ಎಂಡ್ ಕೀ ಒತ್ತಿ ಕೊನೆಯ ಪದವನ್ನು ಒಂದೊಂದೇ ಅಕ್ಷರವಾಗಿ ಅಳಿಸಿದೆ. ಕೀ ಒತ್ತುವುದು ಜಾಸ್ತಿಯೇ. ಆದರೆ ಟೈಪ್ ಮಾಡಿದ್ದೇ ಫೈಲಿಗೆ ಹೋಗುತ್ತದೆ, ಬೇರೇನೂ ಆಗುವುದಿಲ್ಲ. ಮುಂದೇನು ಒತ್ತಬೇಕು ಎಂಬುದು ತೆರೆಯ ಕೆಳಗಿನ ಎರಡು ಸಾಲಿನಲ್ಲೇ ಇದೆ. ಅಲ್ಲಿ ಕಾಣುವ ಟೋಪಿ ಚಿಹ್ನೆ ಎಂದರೆ ಕಂಟ್ರೋಲ್, ಎಂ ಎಂದರೆ ಆಲ್ಟ್. ಇಷ್ಟು ಗೊತ್ತಿದ್ದರೆ ಸಾಕು. ಪೈನ್ ಎಂಬ ಇಮೇಲ್ ಪ್ರೋಗ್ರಾಮಿನ ಜೊತೆ ಬರುತ್ತಿದ್ದ ಪಿಕೋ ಎಡಿಟರ್‌ನ ಲೈಸೆನ್ಸ್ ಪೂರ್ತಿ ಮುಕ್ತವಾಗಿರಲಿಲ್ಲ. ಅದಕ್ಕೇ 1999ರಲ್ಲಿ ಕ್ರಿಸ್ ಅಲೆಗ್ರೆಟ್ಟಾ ಅದೇ ರೀತಿಯ ಇನ್ನೊಂದನ್ನು ಬರೆದರು. ಅದೇ ಇಂದಿನ ನ್ಯಾನೋ. ಹೊಸಬರಿಗೂ ಹೆದರಿಕೆ ಆಗದ ಆ ಗುಣ ಪಿಕೋದಿಂದಲೇ ಬಂದದ್ದು.

ಮೈಕ್ರೋ ಬಳಸಲು ಇನ್ನೂ ಸಲೀಸು. ಕಾಪಿ, ಪೇಸ್ಟ್, ಸೇವ್, ಅನ್‌ಡೂ ಎಲ್ಲಕ್ಕೂ ನಮಗೆ ರೂಢಿಯಾದ ಕೀಗಳೇ. ಮೌಸ್ ಕೂಡ ನಡೆಯುತ್ತದೆ. ನನಗೆ ತುಂಬ ಹಿಡಿಸಿದ್ದು ಒಂದು: ಸುಡೋ (ರೂಟ್ ಅಧಿಕಾರದಲ್ಲಿ ಕಮಾಂಡ್ ನಡೆಸುವ ವಿಧಾನ) ಇಲ್ಲದೆ ಫೈಲ್ ತೆರೆದು ತಿದ್ದಿ ಸೇವ್ ಮಾಡಲು ಹೋದರೆ, ‘ಸುಡೋ ಬಳಸಿ ಸೇವ್ ಮಾಡಲೇ?’ ಎಂದು ಅದೇ ಕೇಳುತ್ತದೆ. ನ್ಯಾನೋ ಇಲ್ಲಿ ಹಿಂದೆ. ಫೈಲಿಗೆ ಬರೆಯಲು ಆಗದು ಎಂದು ತೆರೆದಾಗಲೇ ಎಚ್ಚರಿಸುತ್ತದೆ, ಅಷ್ಟೇ. ಆದರೆ ಮೈಕ್ರೋ ಎಷ್ಟೇ ಚೆನ್ನಾಗಿದ್ದರೂ ಸಾಮಾನ್ಯವಾಗಿ ನಾವೇ ಹಾಕಿಕೊಳ್ಳಬೇಕು. ಬೇರೆಯವರ ಸರ್ವರ್‌ನಲ್ಲಿ ಸುಮ್ನೆ ಏನಾದರೂ ಇನ್‌ಸ್ಟಾಲ್ ಮಾಡುವುದು ನನಗೆ ಸರಿ ಕಾಣುವುದಿಲ್ಲ. ನ್ಯಾನೋ ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಗೆಗಳಲ್ಲಿ ಬಹುತೇಕ ಇದ್ದೇ ಇರುತ್ತದೆ. ಫೆಡೋರಾ ಕೂಡ 2020ರಲ್ಲಿ, 33ನೇ ಆವೃತ್ತಿಯಿಂದ, ಅದನ್ನೇ ಡೀಫಾಲ್ಟ್ ಮಾಡಿಕೊಂಡಿತು.

ನಡುವೆ ಕನೆಕ್ಷನ್ ಕಡಿದುಹೋದರೆ? ಬೇಕೆಂದೇ ಟರ್ಮಿನಲ್ ಮುಚ್ಚಿ ನೋಡಿದೆ. ನ್ಯಾನೋ ಸಾಯುವ ಮೊದಲು ಫೈಲಿನ ಹೆಸರಿಗೆ ‘ಡಾಟ್ ಸೇವ್’ ಸೇರಿಸಿ ಪಕ್ಕದಲ್ಲೇ ಒಂದು ಪ್ರತಿ ಇಟ್ಟಿತ್ತು. ವಿಮ್ ಇದರಲ್ಲಿ ಇನ್ನೂ ಗಟ್ಟಿ. ಟೈಪ್ ಮಾಡುವುದನ್ನು ನಾಲ್ಕು ಸೆಕೆಂಡು ನಿಲ್ಲಿಸಿದರೆ, ಇಲ್ಲವೇ 200 ಅಕ್ಷರ ಆದರೆ, ಸ್ವಾಪ್ ಎಂಬ ತಾತ್ಕಾಲಿಕ ಫೈಲಿಗೆ ಬರೆದುಕೊಳ್ಳುತ್ತದೆ. ಹಾಗಾಗಿ ಕರೆಂಟೇ ಹೋದರೂ ಬಹುಪಾಲು ಕೆಲಸ ಉಳಿಯುತ್ತದೆ. ಮೈಕ್ರೋ ಕೂಡ ಆಗಾಗ ಬ್ಯಾಕಪ್ ಇಡುತ್ತದೆ.

ದೊಡ್ಡ ಲಾಗ್ (ಸರ್ವರ್ ಚಟುವಟಿಕೆಯ ದಾಖಲೆ) ಜಾಲಾಡುವುದು, ನೂರಾರು ಸಾಲು ಒಟ್ಟಿಗೆ ಬದಲಿಸುವುದು ಇದ್ದರೆ ನಾನು ಈಗಲೂ ವಿಮ್ ತೆರೆಯುತ್ತೇನೆ. ಉಳಿದದ್ದಕ್ಕೆಲ್ಲ ನ್ಯಾನೋ. ಅದರ ಕೀಗಳು ಮಾತ್ರ ಹಳೆಯ ಕಾಲದವು ಅನ್ನಿಸಿದರೆ, 2024ರಲ್ಲಿ ಬಂದ 8.0 ಆವೃತ್ತಿಯಲ್ಲಿ ‘ಮಾಡರ್ನ್‌ಬೈಂಡಿಂಗ್ಸ್’ ಎಂಬ ಆಯ್ಕೆ ಇದೆ. ಅದನ್ನು ಹಾಕಿಕೊಂಡರೆ ಕಂಟ್ರೋಲ್-ಸಿ ಕಾಪಿ, ಕಂಟ್ರೋಲ್-ವಿ ಪೇಸ್ಟ್, ಕಂಟ್ರೋಲ್-ಕ್ಯೂ ಹೊರಗೆ.